ಎಪ್ಸನ್ ವಿ600: ರೈಲಿನ ಹಳೇ ಸ್ಲೈಡ್ ಸ್ಕ್ಯಾನ್ ಮಾಡೋಕೆ ಮೂರು ಮಳೆಗಾಲ ಬಳಸಿದ ಮೇಲೆ

ನಾವು ಸೋಮವಾರಪೇಟೆ ಕಡೆಯವರು. ಕೊಡಗಲ್ಲಿ ಇವತ್ತಿಗೂ ರೈಲಿಲ್ಲ, ಆದ್ರೆ ನಮ್ಮ ದೊಡ್ಡಪ್ಪಂಗೆ ರೈಲು ಅಂದ್ರೆ ಪ್ರಾಣ, ಕಾಫಿ ಕೊಯ್ಲು ಮುಗೀತು ಅಂದ್ರೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಸಕಲೇಶಪುರಕ್ಕೋ ಮೈಸೂರಿಗೋ ಹೊರಟುಬಿಡೋರು. ಅವರು ತೆಗೆದ ಸುಮಾರು 1,100 ಸ್ಲೈಡು, ಅಂದ್ರೆ ಚೌಕಟ್ಟಿಗೆ ಹಾಕಿದ ಫಿಲ್ಮ್ ಫೋಟೋ, ಬಿಸ್ಕತ್ ಡಬ್ಬಗಳಲ್ಲಿ ಅಟ್ಟದ ಮೇಲಿತ್ತು. ಅವರು ಹೋದ್ಮೇಲೆ ದೊಡ್ಡಮ್ಮ "ನೀನೇ ಇಟ್ಕೋ ಮಗ, ಇಲ್ಲಿದ್ರೆ ಬೂಷ್ಟು ಹಿಡಿದು ಹಾಳಾಗುತ್ತೆ" ಅಂತ ಕೊಟ್ರು. ಅದಕ್ಕೇ ತಗೊಂಡಿದ್ದು ಈ ಸ್ಕ್ಯಾನರನ್ನ.

ಒಂದ್ಸಲಕ್ಕೆ 4 ಸ್ಲೈಡ್ ಕೂರುತ್ತೆ. 6400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ) ತನಕ ಇದೆ, ನಾನು 3200ರಲ್ಲೇ ಮಾಡೋದು, ಒಂದೊಂದು ಫೋಟೋ 13 ಮೆಗಾಪಿಕ್ಸೆಲ್ ಹತ್ರ ಬರುತ್ತೆ, ಬಣ್ಣದ ವಿವರ ಜಾಸ್ತಿ ಇರೋ 48 ಬಿಟ್ ಟಿಫ್ ಫೈಲಾಗಿ ಇಟ್ರೆ 80 ಎಂಬಿ ಹತ್ರ, ಹಾಗಾಗಿ ಹಾರ್ಡ್ ಡಿಸ್ಕ್ ಮೊದಲೇ ತಗೊಂಡಿರಿ. ಇಷ್ಟು ಸಾಕಾ ಅಂದ್ರೆ, ಮೈಸೂರು ಯಾರ್ಡಿನ ವೈಪಿ ಅನ್ನೋ ಮಾದರಿಯ ಸ್ಟೀಮ್ ಇಂಜಿನ್ ಸ್ಲೈಡ್ ಒಂದಿದೆ, ಚಿಕ್ಕವರಿದ್ದಾಗ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಲ್ಲಿ ಎಷ್ಟೋ ಸಲ ನೋಡಿದ್ದೆ, ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗಲೇ ಗೊತ್ತಾಗಿದ್ದು, ಇಂಜಿನ್ ಹಿಂದಿನ ಕಲ್ಲಿದ್ದಲ ಗಾಡಿ, ಟೆಂಡರ್ ಅಂತಾರಲ್ಲ, ಅದರ ಮೇಲೆ ಒಬ್ಬ ಹುಡುಗ ಕೂತಿದಾನೆ, ಬರಿಗಾಲು, ಹಿಮ್ಮಡಿಗೆಲ್ಲ ಕಲ್ಲಿದ್ದಲ ಮಸಿ.

ಡಿಜಿಟಲ್ ಐಸ್ ಅನ್ನೋ ಆಪ್ಷನ್ ಬಗ್ಗೆ ಹೇಳ್ಲೇಬೇಕು. ಇನ್‌ಫ್ರಾರೆಡ್ ಬೆಳಕಲ್ಲಿ ಇನ್ನೊಂದ್ಸಲ ಓದುತ್ತೆ, ಆ ಬೆಳಕು ಫಿಲ್ಮಿನ ಬಣ್ಣ ದಾಟಿ ಹೋಗುತ್ತೆ ಆದ್ರೆ ಧೂಳು ದಾಟಲ್ಲ, ಹಂಗೆ ಧೂಳು ಎಲ್ಲಿದೆ ಅಂತ ಹಿಡಿದು ಅಳಿಸುತ್ತೆ. ಬ್ಲಾಕ್ ಅಂಡ್ ವೈಟಲ್ಲಿ ಬೆಳ್ಳಿ ಇರುತ್ತೆ, ಅದೂ ಆ ಬೆಳಕನ್ನ ತಡೆಯೋದ್ರಿಂದ ಅದಕ್ಕೆ ಆಗಲ್ಲ, ಆಫ್ ಮಾಡಿ. ಕೊಡಾಕ್ರೋಮ್ ಅನ್ನೋ ಹಳೇ ಬಣ್ಣದ ಫಿಲ್ಮಿಗೂ ನೋಡ್ಕೊಂಡು ಹಾಕಿ, ಕಪ್ಪು ಜಾಗದಲ್ಲಿ ಎಡವಟ್ಟಾಗುತ್ತೆ, ಸ್ಟೀಮ್ ಇಂಜಿನ್ ಅಂದ್ರೆ ಕಪ್ಪೇ ತಾನೆ.

ಆದ್ರೆ ಬೂಷ್ಟಿಗೆ ಯಾವ ಸ್ಕ್ಯಾನರಲ್ಲೂ ಮದ್ದಿಲ್ಲ. ಬೇರಿನ ಥರ ಹಬ್ಬಿ ಫಿಲ್ಮಲ್ಲಿ ಚಿತ್ರ ಇರೋ ಜಿಲೆಟಿನ್ ಪದರಾನೇ ತಿಂದಿರುತ್ತೆ. ಮೊದಲನೇ ವರ್ಷ ಒಂದು ಸ್ಲೈಡಿಗೆ ಒದ್ದೆ ಹತ್ತಿ ತಾಗಿಸಿದೆ, ಬೂಷ್ಟು ತಿಂದ ಜಾಗ ನೀರಿಗೆ ಕರಗುತ್ತೆ ಅಂತ ಗೊತ್ತಿರ್ಲಿಲ್ಲ, ಇಂಜಿನ್ ಮುಂಭಾಗ ಹತ್ತಿ ಜೊತೇಲೇ ಎದ್ದು ಬಂತು. ಹಾಸನ–ಮಂಗಳೂರು ಲೈನ್ ಮೀಟರ್ ಗೇಜ್, ಅಂದ್ರೆ ಕಿರಿದಾದ ಹಳಿ ಇದ್ದಾಗಿನ ಫೋಟೋ ಅದು. 1979ರಲ್ಲಿ ಶುರುವಾದ ಆ ಲೈನು ಈಗ ಪೂರ್ತಿ ಅಗಲ ಹಳಿ, ಬ್ರಾಡ್ ಗೇಜ್, ಘಾಟಿಯ 57 ಸುರಂಗ ಹಾಗೇ ಇವೆ, ಆ ಹಳಿ ಇಲ್ಲ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಈಗ ಗಾಳಿ ಊದೋ ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್ ಎರಡೇ.

ಸ್ಲೈಡ್ ಉಲ್ಟಾ ಇಟ್ರೆ ಸ್ಟೇಷನ್ ಬೋರ್ಡ್ ಕನ್ನಡಿಯಲ್ಲಿ ಓದಿದಂಗೆ ಬರುತ್ತೆ, ಬೋರ್ಡ್ ಇಲ್ಲದ ಫೋಟೋ ಆದ್ರೆ ಗೊತ್ತೇ ಆಗಲ್ಲ, ಮಂಕಾಗಿರೋ ಮೈ ಯಾವುದು ಹೊಳೆಯೋ ಮೈ ಯಾವುದು ಅಂತ ಬೆಳಕಿಗೆ ಹಿಡಿದು ನೋಡಿ.

ನಮ್ಮ ಕಡೆಯವರಾದ್ರೆ ಜನವರಿಯಿಂದ ಏಪ್ರಿಲ್ ಒಳಗೆ ಕೆಲಸ ಮಾಡಿ. ಮಳೆ ಹಿಡಿದ ಮೇಲೆ ನಾನು ಸ್ಕ್ಯಾನರ್, ಸ್ಲೈಡು ಎರಡನ್ನೂ ಬೀರುವಿಗೆ ಹಾಕಿ ಕೆಳಗಡೆ 40 ವ್ಯಾಟಿನ ಬಲ್ಬ್ ಉರಿಸ್ತೀನಿ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಬೇರೆ. ಮೂರು ಮಳೆಗಾಲಕ್ಕೂ ಮಿಷನ್ನಿಗೆ ಏನೂ ಆಗಿಲ್ಲ.

ಮನೇಲಿ ಸ್ಲೈಡ್ ಇರೋರಿಗೆ ಧೈರ್ಯವಾಗಿ ತಗೊಳ್ಳಿ ಅಂತೀನಿ. ನಂದು ಇನ್ನೂ 200 ಉಳಿದಿದೆ. ಚೆನ್ನಾಗಿರೋವನ್ನೇ ಮೊದಲು ಮಾಡ್ತಾ ಕೂತಿದ್ದೆ, ಈಗ ಬೂಷ್ಟು ಶುರುವಾಗಿರೋ ಡಬ್ಬನೇ ಮೊದಲು ತೆಗೀತಿದೀನಿ.