ದರೋಜಿ ಕರಡಿಧಾಮದ ವೀಕ್ಷಣಾ ಗೋಪುರ: ಐದಕ್ಕೆ ನಾಲ್ಕು ಅಂಕ

ಹಂಪಿಗೆ ಬಂದವರು ಹತ್ತಿರದ ಈ ಧಾಮದ ಬಗ್ಗೆ ಮೊದಲು ಕೇಳುವುದು, ಕರಡಿ ಕಾಣುತ್ತದೆಯೇ ಅಂತ. ಬಹುತೇಕ ಕಾಣುತ್ತದೆ. ಅರಣ್ಯ ಇಲಾಖೆಯ ವಾಚರ್‌ಗಳು ಮಧ್ಯಾಹ್ನ ಗೋಪುರದೆದುರಿನ ಗುಡ್ಡ ಹತ್ತಿ ಬಂಡೆಗಳಿಗೆ ಬೆಲ್ಲ, ಜೇನಿನ ಪಾಕ ಸವರಿ ಇಳಿಯುತ್ತಾರೆ. ಕತ್ತಲಾದ ಮೇಲೆ ಓಡಾಡುವ ಪ್ರಾಣಿ ಆ ವಾಸನೆಗೆ ಬಿಸಿಲಿರುವಾಗಲೇ ಗವಿ ಬಿಟ್ಟು ಬರುತ್ತದೆ. ಸಂಜೆ ಆರಕ್ಕೆ ಜಾಗ ಖಾಲಿ ಮಾಡಬೇಕು. ಐದಕ್ಕೆ ಬಂದು ಅವಸರಪಟ್ಟರೆ ಗಿಟ್ಟುವುದಿಲ್ಲ, ಎರಡು ಮೂರಕ್ಕೇ ಬಂದು ಕೂತುಬಿಡಿ.

ಬರಿಗಣ್ಣಿಗೆ ಕರಡಿ ಬಂಡೆ ಮೇಲಿನ ಕರಿ ಚುಕ್ಕೆ ಅಷ್ಟೇ. ಎಂಟು ಪಟ್ಟಿನ ದುರ್ಬೀನು ಬೇಕು. ಮೊಬೈಲ್ ಜೂಮ್ ನಂಬಬೇಡಿ. ಕ್ಯಾಮೆರಾಕ್ಕೆ ಕನಿಷ್ಠ 400 ಮಿ.ಮೀ. ಲೆನ್ಸ್ ಇರಲಿ. ಹೊಳೆಯುವ ಬಂಡೆಯ ಬೆಳಕನ್ನೇ ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಕರಡಿಯನ್ನು ಮಸಿಮುದ್ದೆ ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಏರಿಸಿಕೊಳ್ಳಿ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಬಟ್ಟೆಯ ಬಣ್ಣಕ್ಕಿಂತ ಸೆಂಟು, ಗದ್ದಲವೇ ಕೆಲಸ ಕೆಡಿಸುವುದು.

ದುರ್ಬೀನಿನಲ್ಲಿ ಮೂತಿಯನ್ನೇ ನೋಡಿ. ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲು ಇರುವುದಿಲ್ಲ. ಗೆದ್ದಲು ತಿನ್ನುವಾಗ ಹೊಳ್ಳೆ ಮುಚ್ಚಿ, ಉದ್ದ ತುಟಿ ಚಾಚಿ, ಆ ಕಂಡಿಯಿಂದ ಹೀರುತ್ತದೆ. ಮರಿಗಳು ಚಳಿಗಾಲದಲ್ಲಿ ಗವಿಯೊಳಗೆ ಹುಟ್ಟುತ್ತವೆ. ತಾಯಿಯ ಬೆನ್ನೇರಿದ ಮರಿ ನೋಡುವಾಸೆ ಇದ್ದರೆ ಬೇಸಿಗೆಗೆ ಬನ್ನಿ, ಬಿಸಿಲು ಸಹಿಸುವ ಶಕ್ತಿ ಇದ್ದರೆ! ದೊಡ್ಡ ಗಂಡು ಬಂಡೆ ಹಿಡಿದಿದ್ದರೆ ಮರಿಯುಳ್ಳ ತಾಯಿ ಹತ್ತಿರ ಸುಳಿಯುವುದು ಕಡಿಮೆ.

ಒಂದು ಅಂಕ ಕಳೆದಿದ್ದು ಬೆಲ್ಲಕ್ಕೆ. ಗೆದ್ದಲು, ಬಾರಿಹಣ್ಣು, ಕವಳೆಹಣ್ಣು, ಕಕ್ಕೆಕಾಯಿ ಹುಡುಕುತ್ತಾ ಅಲೆಯುವ ಕರಡಿ ಗೋಪುರದಿಂದ ಕಾಣುವುದಿಲ್ಲ. ಕಾಣುವುದು ರುಚಿ ಹತ್ತಿದ ಕರಡಿ. ಪಾಕ ನೆಪಮಾತ್ರಕ್ಕೆ ಸಾಕು. ಹೊಟ್ಟೆ ತುಂಬುವಷ್ಟು ಸುರಿದರೆ ಕರಡಿಗಳು ಒಂದೇ ಕಡೆ ಗುಂಪುಗೂಡುತ್ತವೆ, ಜಗಳವೂ ರೋಗವೂ ಹಬ್ಬುತ್ತವೆ. 1994ರಲ್ಲಿ ಘೋಷಣೆಯಾದ ಧಾಮಕ್ಕೆ 2009ರಲ್ಲಿ ಬುಕ್ಕಸಾಗರದ ಕಾಡೂ ಸೇರಿತು. ಈಗ ಒಟ್ಟು ಸುಮಾರು 82 ಚದರ ಕಿ.ಮೀ. ಸುತ್ತಲೂ ಹೊಲ, ಕಾಲುವೆ, ರಸ್ತೆ. ಸಂಡೂರಿನ ಕಡೆ ಅದಿರಿನ ಗಣಿ. ಮರಿ ಬೆಳೆದು ಬೇರೆ ಗುಡ್ಡ ಹುಡುಕಿ ಹೊರಟರೆ ಶೇಂಗಾ, ಮೆಕ್ಕೆಜೋಳದ ಹೊಲ ಹಾಯ್ದೇ ಹೋಗಬೇಕು. ಬೆಲ್ಲದ ಖರ್ಚಿಗಿಂತ ಗುಡ್ಡಗುಡ್ಡಗಳ ನಡುವಿನ ಕುರುಚಲು ಉಳಿಸುವ ಖರ್ಚು ಮೊದಲಾಗಬೇಕು.

ಕರಡಿ ತಡಮಾಡಿದರೂ ನವಿಲು, ಮುಂಗುಸಿ ಇದ್ದೇ ಇರುತ್ತವೆ. ಮರಳುವಾಗ ಗಾಡಿ ನಿಧಾನವಾಗಿ ಓಡಿಸಿ. ಕರಡಿ ರಸ್ತೆ ದಾಟುತ್ತಿದ್ದರೆ ದೀಪ ತಗ್ಗಿಸಿ ನಿಲ್ಲಿಸಿ, ಫೋಟೋ ಆಸೆಗೆ ಕೆಳಗಿಳಿಯಬೇಡಿ. ಹತ್ತಿರದಲ್ಲಿ ಬೆಚ್ಚಿಬಿದ್ದ ಕರಡಿ ಓಡುವ ಬದಲು ಮೈಮೇಲೆ ಎರಗುವುದೇ ಹೆಚ್ಚು.