ಚೆನ್ನೆಮಣೆಯ ಪೆಟ್ಟಿಗೆ: ಮಣೆ ನಮ್ಮದು, ಆ್ಯಪಿನ ಆಟ ಬೇರೆ

ಕಾಸರಗೋಡು ಪೇಟೆಯ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ಮಳೆಗಾಲದ ಆಟಿ ತಿಂಗಳಿಗೆಂದು ಮಾರಾಟಕ್ಕಿಟ್ಟ ಈ ಪೆಟ್ಟಿಗೆಯಲ್ಲಿ ಹಲಸಿನ ಮರದ ಚೆನ್ನೆಮಣೆ (ಕುಳಿಗಳಿಗೆ ಕಾಯಿ ಬಿತ್ತುತ್ತ ಇಬ್ಬರು ಆಡುವ ಆಟದ ಹಲಗೆ), ಕಾಯಿಗಳ ಚೀಲ, ಆಟಗಳ ಇತಿಹಾಸದ ಕಿರುಪುಸ್ತಕ ಹಾಗೂ ಮೊಬೈಲಿನಲ್ಲಿ ಆಡಲು ಒಂದು ಆ್ಯಪಿನ ಕ್ಯೂಆರ್ ಕೋಡ್ ಇವೆ. ಬೆಲೆ 1,800 ರೂಪಾಯಿ.

ಮಣೆಯ ಬಗ್ಗೆ ಎರಡು ಮಾತಿಲ್ಲ. ಏಳೇಳರಂತೆ ಎರಡು ಸಾಲಿನ 14 ಕುಳಿಗಳ ತಳವನ್ನು ಉರುಟಾಗಿ ಕೆತ್ತಿ ಅಂಚನ್ನು ನಯಗೊಳಿಸಿರುವುದರಿಂದ, ಮೂರು ಬೆರಳಿನಲ್ಲಿ ಬಾಚಿದರೆ ಕಾಯಿಗಳೆಲ್ಲ ಒಮ್ಮೆಗೇ ಕೈಗೆ ಬರುತ್ತವೆ. ಅಗ್ಗದ ಮಣೆಗಳಲ್ಲಿ ಕೊನೆಯ ಕಾಯಿಯನ್ನು ಉಗುರಿನಿಂದ ಎಬ್ಬಿಸಬೇಕಾಗುತ್ತದೆ. ಕಾಯಿಗಳು ಪ್ಲಾಸ್ಟಿಕ್ ಅಲ್ಲ, ಅಸಲು ಮಂಜೊಟ್ಟಿ ಬೀಜ. ಆದರೆ ಕುಳಿಗೆ ನಾಲ್ಕರಂತೆ ಬೇಕಾದ 56 ಕಾಯಿಗಳಷ್ಟೇ ಚೀಲದಲ್ಲಿವೆ. ಜಗಲಿಯಲ್ಲಿ ಕುಳಿತು ಆಡಿ, ಕಾಯಿ ಉರುಳಿ ಕಳೆದುಹೋಗುವುದನ್ನು ಬಲ್ಲವರಾಗಿದ್ದರೆ ಒಂದು ಮುಷ್ಟಿ ಹೆಚ್ಚೇ ಹಾಕುತ್ತಿದ್ದರು.

ನನ್ನ ತಕರಾರು ಇರುವುದು ಆ್ಯಪಿನ ಮೇಲೆ. ಅದನ್ನು ತೆರೆದರೆ ಬದಿಗೆ ಆರೇ ಕುಳಿ, ಎರಡು ತುದಿಗಳಲ್ಲಿ ಒಂದೊಂದು ದೊಡ್ಡ ಕಣಜ. ಕೊನೆಯ ಕಾಯಿ ಕಣಜಕ್ಕೆ ಬಿದ್ದರೆ ಇನ್ನೊಂದು ಸರದಿ. ಇದು 1940ರಲ್ಲಿ ಅಮೆರಿಕದ ವಿಲಿಯಂ ಜೂಲಿಯಸ್ ಚಾಂಪಿಯನ್ ರೂಪಿಸಿದ ಕಲಾಹ್ ಆಟ. ನಮ್ಮಲ್ಲಿ ಕೈಯಲ್ಲಿದ್ದುದು ಮುಗಿದೊಡನೆ ಮುಂದಿನ ಕುಳಿಯದನ್ನು ಎತ್ತಿ ಬಿತ್ತುತ್ತಲೇ ಹೋಗಿ, ಬರಿಗುಳಿ ಎದುರಾದಾಗ ಅದರಾಚೆಯದನ್ನು ಗೆದ್ದುಕೊಳ್ಳುವ ಕ್ರಮವಿದೆ. ಆಟದ ರುಚಿಯೆಲ್ಲ ಆ ಓಟದಲ್ಲೇ ಇದ್ದು, ಆ್ಯಪಿನಲ್ಲಿ ಅದರ ಸುಳಿವೂ ಇಲ್ಲ. ಅಶೋಕವನದಲ್ಲಿ ಸೀತೆ ಒಬ್ಬಳೇ ಆಡಿದಳೆಂದು ಹಿರಿಯರು ಹೇಳುವ ಸೀತೆಯಾಟಕ್ಕಂತೂ ಅಲ್ಲಿ ಎಡೆಯೇ ಇಲ್ಲ. ಕಂಪ್ಯೂಟರಿಗೆ ಇಂಥ ಆಟ ಒಗ್ಗದೆಂದಲ್ಲ: ಇದೇ ಬಳಗಕ್ಕೆ ಸೇರಿದ, ಆಫ್ರಿಕಾ ಮೂಲದ ಅವಾರಿಯ 88,900 ಕೋಟಿಗೂ ಮಿಕ್ಕಿದ ಸ್ಥಿತಿಗಳನ್ನು ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು 2002ರಲ್ಲೇ ಲೆಕ್ಕ ಹಾಕಿ, ಇಬ್ಬರೂ ತಪ್ಪದೆ ಆಡಿದರೆ ಆಟ ಸಮ ಎಂದು ತೋರಿಸಿದ್ದರು. ತಯಾರಕರು ಸಿದ್ಧ ಆ್ಯಪೊಂದಕ್ಕೆ ಚೆನ್ನೆಯ ಹೆಸರು ಅಂಟಿಸಿರುವಂತಿದೆ.

ಕಿರುಪುಸ್ತಕ ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ಇದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡದ ಮನೆಗಳಲ್ಲಿ ಆಡುವ ಮಣೆಯನ್ನು ಮಾರುವವರಿಗೆ ಕನ್ನಡದ ನಾಲ್ಕು ಪುಟ ಹೊರೆಯಾಗಬಾರದಿತ್ತು. ಪಗಡೆಯ ಬಳಗದ ಪಚೀಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂದು ಪೇಟೆಂಟ್ ಪಡೆದ ಕಥೆಯನ್ನೂ, ಈಗ ವಿಡಿಯೋ ಗೇಮಿಗೆ ಹೆಸರಾದ ನಿಂಟೆಂಡೊ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಶುರುವಾದುದನ್ನೂ ಚೊಕ್ಕವಾಗಿ ಹೇಳಿದ್ದಾರೆ. ಆದರೆ 1972ರ ಪಾಂಗ್ ಅನ್ನು ಮೊದಲ ವಿಡಿಯೋ ಗೇಮ್ ಎಂದಿರುವುದು ತಪ್ಪು. 1958ರ ಟೆನಿಸ್ ಫಾರ್ ಟೂ, 1962ರ ಸ್ಪೇಸ್‌ವಾರ್ ಅದಕ್ಕಿಂತ ಹಿಂದಿನವು.

ಅಂಗಡಿಯವರು ಮಣೆ ಮತ್ತು ಕಾಯಿಗಳನ್ನಷ್ಟೇ 1,300 ರೂಪಾಯಿಗೆ ಕೊಡುತ್ತಾರೆ, ಕೇಳಿದವರಿಗೆ ಮಾತ್ರ. ಕೇಳಿ ಕೊಳ್ಳುವುದು ಲೇಸು.