ಹಸಿ ಮಣ್ಣಿನ ಗೋದಲಿ: ಧಾರವಾಡದಲ್ಲಿ ಕೊಂಡದ್ದು

ಗಣೇಶ ಮೂರ್ತಿ ಮಾಡುವ ಧಾರವಾಡದ ಒಂದು ಕುಟುಂಬ ಕ್ರಿಸ್‌ಮಸ್‌ಗೆ ಗೋದಲಿಯ, ಅಂದರೆ ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ, ಬೊಂಬೆಗಳನ್ನೂ ಮಾಡಿಕೊಡುತ್ತದೆ. ಕೆರೆಮಣ್ಣು, ಸುಣ್ಣ, ಕೆಮ್ಮಣ್ಣು, ಮಸಿ ಇಷ್ಟೇ ಸಾಮಗ್ರಿ. ಸುಟ್ಟಿಲ್ಲ, ಪ್ಲಾಸ್ಟರಿಲ್ಲ, ಎಣ್ಣೆಬಣ್ಣವಿಲ್ಲ. ಪೂರ್ತಿ ಸೆಟ್ಟಿಗೆ 1,400 ರೂಪಾಯಿ ಕೊಟ್ಟೆ.

ಕುರುಬರನ್ನು ನೋಡಿಯೇ ಮನಸ್ಸು ತುಂಬಿತು. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕೋಲು. ನಮ್ಮ ಹೊಲಗಳಲ್ಲಿ ಕುರಿ ತರುಬುವವರೇ ಬೆತ್ಲೆಹೇಮಿಗೆ ಹೊರಟಂತೆ. ಎತ್ತಿನ ಮುಖವಂತೂ ಅಚ್ಚುಕಟ್ಟು. ಯೇಸುವಿನ ತಾಯಿ ಮರಿಯಮ್ಮನ ಮುಖ ಮಾತ್ರ ತುಸು ಬಿಗಿಯಾಗಿದೆ, ದೇವದೂತನ ರೆಕ್ಕೆ ತೀರಾ ತೆಳು. ಮನೆ ಸೇರುವಷ್ಟರಲ್ಲಿ ಒಂದು ರೆಕ್ಕೆಯ ತುದಿ ಮುರಿದಿತ್ತು. ಕೊಡುವಾಗ ಹುಲ್ಲು ಸುತ್ತಿ ಕೊಡಬೇಕಿತ್ತು.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕಟ್ಟಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ. ಅವರನ್ನೇ 1979ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪೌಲರು ಪರಿಸರದ ಪಾಲಕ ಸಂತರೆಂದು ಸಾರಿದರು. ಸೃಷ್ಟಿಯ ಕಾಳಜಿ ಕ್ರೈಸ್ತ ಬದುಕಿಗೆ ಐಚ್ಛಿಕವಲ್ಲವೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಬರೆದರು. ಹೀಗಿರುವಾಗ ಥರ್ಮಾಕೋಲಿನ ಗುಡ್ಡ, ಮಿನುಗುಪುಡಿ ಹಚ್ಚಿದ ಪ್ಲಾಸ್ಟಿಕ್ ಹುಲ್ಲಿನ ನಡುವೆ ಬಾಲಯೇಸುವನ್ನು ಮಲಗಿಸುವುದು ನನಗೆ ಸಹಿಸಲಾಗುವುದಿಲ್ಲ. ಜೋಳದ ಕಣಿಕೆಯ ಗುಡಿಸಲು ಸಾಕು. ಹಬ್ಬ ಮುಗಿದ ಮೇಲೆ ಅದು ದನಕ್ಕೆ ಮೇವಾಗುತ್ತದೆ.

ಬೊಂಬೆಗಳನ್ನು ನೀರು ತಾಗದಂತೆ ಇಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ. ನವೆಂಬರಿನಲ್ಲೇ ಹೇಳಿಡಿ, ಒಣಗಲು ಸಮಯ ಬೇಕು. ಒಯ್ಯಲು ಬುಟ್ಟಿ, ಹಳೆಯ ಬಟ್ಟೆ ನಿಮ್ಮದೇ ಇರಲಿ.